ಗಿಡ್ಡ ಕೋಳಿಗಳ ಸಹವಾಸ

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, “ಸಾರ್, ನಮ್ಮನೇಲಿ ಹತ್ತು ನಾಟಿ ಕೋಳಿ ಇದಾವೆ. ಮಗ ಬ್ಯಾಂಟಮ್ ಕೋಳಿ ಬೇಕು ಅಂತ ಹಟ ಹಿಡಿದಿದ್ದಾನೆ. ದೊಡ್ಡವುಗಳ ಜೊತೆ ಬಿಟ್ಟರೆ ಬದುಕ್ತವಾ?” ಎಂದು ಕೇಳಿದಳು. “ಬದುಕ್ತವೆ ಕಣಮ್ಮ, ಧಾರಾಳವಾಗಿ ತಗೋ” ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ಆ ಉತ್ತರ ಅರ್ಧ ಸತ್ಯವೆನ್ನಿಸತೊಡಗಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಅರ್ಧ ಉತ್ತರಗಳಿಗೆ ಅರ್ಧ ಅಂಕ ಕೊಟ್ಟವನು ನಾನು. ಆದ್ದರಿಂದ ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಕುಳಿತಾಗ ಇದು ಬರಿಯ ಕೋಳಿಯ ವಿಷಯವಾಗಿ ಉಳಿಯುವುದಿಲ್ಲವೆಂಬುದೂ ನನಗೆ ಗೊತ್ತಿದೆ.

ಕೋಳಿ ನನಗೆ ಹೊಸದಲ್ಲ. ನಾನು ಬಾಲ್ಯದಲ್ಲಿ ಬೆಳೆದ ತೀರ್ಥಹಳ್ಳಿ ಸೀಮೆಯ ಮನೆಯಲ್ಲಿ ಅಮ್ಮ ಇಪ್ಪತ್ತಕ್ಕೆ ಕಡಿಮೆಯಿಲ್ಲದಂತೆ ಕೋಳಿ ಸಾಕುತ್ತಿದ್ದರು. ಬೆಳಗ್ಗೆ ಗೂಡಿನ ಬಾಗಿಲು ತೆಗೆದು ಒಂದು ಬೊಗಸೆ ಭತ್ತ ಚೆಲ್ಲಿದರೆ ಅವುಗಳ ಯೋಗಕ್ಷೇಮ ಮುಗಿಯಿತು. ಉಳಿದದ್ದನ್ನು ತಿಪ್ಪೆಯೂ ತೋಟವೂ ನೋಡಿಕೊಳ್ಳುತ್ತಿದ್ದವು. ನೌಕರಿಯ ನಿಮಿತ್ತ ಊರೂರು ಸುತ್ತಿ, 2018ರಲ್ಲಿ ನಿವೃತ್ತನಾಗಿ ಹಳೆಯ ಮನೆಗೆ ಮರಳಿದಾಗ ನನ್ನಾಕೆಯ ಮೊದಲ ಬೇಡಿಕೆ ಕೋಳಿಗೂಡು. ಪಶುವೈದ್ಯರ ಸಲಹೆಯ ಮೇರೆಗೆ ಆರು ಗಿರಿರಾಜ ಮರಿಗಳನ್ನು ತಂದೆವು. ಗಿರಿರಾಜ ನಮ್ಮ ರಾಜ್ಯದ್ದೇ ತಳಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲೆಂದೇ ಅಭಿವೃದ್ಧಿಪಡಿಸಿದ್ದು. ನಾಟಿ ಕೋಳಿಯಂತೆ ಬಣ್ಣ ಬಣ್ಣದ ಗರಿ, ಅದಕ್ಕಿಂತ ಬಹಳ ದೊಡ್ಡ ಮೈ, ಹೆಚ್ಚು ಮೊಟ್ಟೆ. ನಮ್ಮ ಹುಂಜ ವರ್ಷ ತುಂಬುವಷ್ಟರಲ್ಲಿ ಮೂರೂವರೆ ಕಿಲೋ ತೂಗಿತು. ಭೀಮ ಎಂದು ಹೆಸರಿಟ್ಟೆವು.

2021ರಲ್ಲಿ ಅಳಿಯಂದಿರು ಮೈಸೂರಿನಿಂದ ಬರುವಾಗ ಮೊಮ್ಮಗಳಿಗೆಂದು ಒಂದು ರಟ್ಟಿನ ಪೆಟ್ಟಿಗೆ ತಂದರು. ಅದರಲ್ಲಿ ಒಂದು ಹುಂಜ, ಎರಡು ಹೇಟೆ, ಮೂರೂ ಬ್ಯಾಂಟಮ್. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಹೇಟೆಗಳು ಆರುನೂರು ಗ್ರಾಂ ಆಸುಪಾಸು. ಮೂರಡಿ ನೆಲ ಬೇಡಿದವನ ನೆನಪಾಗಿ ಹುಂಜಕ್ಕೆ ವಾಮನ ಎಂದು ಹೆಸರಿಟ್ಟೆ. ಹಾಗಿದ್ದರೆ ಭೀಮನ ಹೆಸರನ್ನು ಬಲಿ ಎಂದು ಬದಲಿಸೋಣವೆಂದಾಗ ನನ್ನಾಕೆ, “ಕೋಳಿಗೆ ಬಲಿ ಅಂತ ಹೆಸರಿಡೋದು ಎಷ್ಟು ಚೆನ್ನ, ನೀವೇ ಯೋಚನೆ ಮಾಡಿ” ಎಂದಳು. ಭೀಮ ಭೀಮನಾಗಿಯೇ ಉಳಿದ.

ಬ್ಯಾಂಟಮ್ ಎಂಬುದು ಒಂದು ತಳಿಯ ಹೆಸರಲ್ಲ, ಗಾತ್ರದ ಹೆಸರು. ಇಂಡೊನೇಷ್ಯದ ಜಾವಾ ದ್ವೀಪದ ಪಶ್ಚಿಮದ ತುದಿಯಲ್ಲಿ ಬಾಂಟೆನ್ ಎಂಬ ಹಳೆಯ ಬಂದರಿದೆ. ಕರಿಮೆಣಸಿನ ಆಸೆಗೆ ಡಚ್ಚರ ಹಡಗುಗಳು 1596ರಲ್ಲಿ ಅಲ್ಲಿಗೆ ಬಂದವು. ಬೆನ್ನಿಗೇ ಇಂಗ್ಲಿಷರು ಬಂದರು. ಆ ಕಡೆಯ ಸಣ್ಣ ಕೋಳಿಗಳನ್ನು ನಾವಿಕರು ಹಡಗಿಗೆ ಹಾಕಿಕೊಂಡು ಹೋದರು. ಬಂದರಿನ ಹೆಸರೇ ಕೋಳಿಗೂ ಅಂಟಿತು. ಈಗ ಎಲ್ಲಿಯ ಗಿಡ್ಡ ಕೋಳಿಗೂ ಅದೇ ಹೆಸರು. ಭೀಮನಿಗೂ ವಾಮನನಿಗೂ ಮೂಲಪುರುಷನೊಬ್ಬನೇ, ಕೆಂಪು ಕಾಡುಕೋಳಿ. ನಮ್ಮ ಮಲೆನಾಡಿನ ಪೊದೆಗಳಲ್ಲಿ ಬೆಳಗ್ಗೆ ಕೂಗುವ ಬೂದು ಕಾಡುಕೋಳಿಯ ಪಾಲೂ ಅವುಗಳಲ್ಲಿ ಸ್ವಲ್ಪ ಇದೆ. ಸಾಕುಕೋಳಿಗಳ ಹಳದಿ ಕಾಲು ಈ ಬೂದು ಕಾಡುಕೋಳಿಯಿಂದ ಬಂದ ಗುಣವೆಂದು 2008ರಲ್ಲಿ ವಿಜ್ಞಾನಿಗಳು ವಂಶವಾಹಿಗಳನ್ನು ಪರಿಶೀಲಿಸಿ ತೋರಿಸಿದರು. ಅಂದರೆ ಜಾತಿ ಒಂದೇ, ರಕ್ತವೂ ಒಂದೇ. ಅಳತೆ ಮಾತ್ರ ಬೇರೆ. ಹೀಗಾಗಿ ಎಲ್ಲವನ್ನೂ ಒಟ್ಟಿಗೆ ಬಿಟ್ಟರಾಯಿತೆಂದು ನಾನು ಭಾವಿಸಿದೆ. ವಿಜ್ಞಾನ ಬೋಧಿಸಿದವನು ಮಾಡಬಾರದ ತಪ್ಪು ಅಲ್ಲೇ ಆಯಿತು.

ಕೋಳಿಗಳ ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು, ಯಾರು ಕುಕ್ಕಿಸಿಕೊಂಡು ಸುಮ್ಮನಿರಬೇಕು ಎಂಬುದಕ್ಕೆ ಒಂದು ಕ್ರಮವಿದೆ. ನಾರ್ವೆ ದೇಶದ ಥೋರ್ಲೀಫ್ ಷೆಲ್ಡೆರುಪ್ ಎಬ್ಬೆ ಎಂಬವರು ಬಾಲ್ಯದಿಂದಲೂ ಕೋಳಿಗಳನ್ನು ಗಮನಿಸಿ 1920ರ ದಶಕದ ಆರಂಭದಲ್ಲಿ ಇದನ್ನು ವಿವರಿಸಿದರು. ಈ ಕ್ರಮ ಕೇವಲ ಗಾತ್ರದಿಂದ ನಿರ್ಧಾರವಾಗುವುದಿಲ್ಲ. ವಯಸ್ಸು, ಧೈರ್ಯ, ಮೊದಲು ಬಂದವರು ಯಾರು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ನಮ್ಮ ವಾಮನ ಬಂದ ಮೂರನೆಯ ದಿನವೇ ಕತ್ತಿನ ಗರಿ ಕೆದರಿಕೊಂಡು ಭೀಮನ ಮೇಲೆ ಹಾರಿದ. ಭೀಮ ಅದನ್ನು ಯುದ್ಧವೆಂದು ತಿಳಿದಂತೆಯೇ ಕಾಣಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಅಚ್ಚರಿಯಿಂದ ನೋಡಿದ. ಅಂದಿನಿಂದ ಅಂಗಳದ ಒಂದು ಮೂಲೆ ವಾಮನನದಾಯಿತು. “ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು” ಎಂದು ಬಂದವರಿಗೆಲ್ಲ ಹೇಳಿ ನಕ್ಕೆವು. ಆ ನಗುವಿನಲ್ಲಿ ಎರಡು ಹೇಟೆಗಳನ್ನು ಯಾರೂ ಗಮನಿಸಲಿಲ್ಲ. ಅವು ಜಗಳಕ್ಕೆ ಹೋಗಲಿಲ್ಲ, ಆದ್ದರಿಂದ ಕಣ್ಣಿಗೂ ಬೀಳಲಿಲ್ಲ.

2022ರ ಏಪ್ರಿಲ್ ತಿಂಗಳು. ಮಲೆನಾಡಾದರೂ ಆ ದಿನಗಳಲ್ಲಿ ಅಂಗಳದ ಮಣ್ಣು ಮಧ್ಯಾಹ್ನ ಕಾಲಿಡಲಾಗದಂತೆ ಕಾಯುತ್ತದೆ. ಬಾವಿಕಟ್ಟೆಯ ಪಕ್ಕದಲ್ಲಿ ಒಂದು ಅಗಲವಾದ ಮಣ್ಣಿನ ಬಟ್ಟಲಿಟ್ಟು ದಿನಕ್ಕೆ ಎರಡು ಬಾರಿ ನೀರು ತುಂಬುತ್ತಿದ್ದೆ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು, ಅದಕ್ಕೆ ನೀರು ಬೇಕು. ಇದೆಲ್ಲವೂ ನಾನು ತರಗತಿಯಲ್ಲಿ ಹೇಳಿದ ಪಾಠವೇ. ಭೀಮನೂ ಹಿರಿಯ ಹೇಟೆಗಳೆರಡೂ ನೆರಳಿಗಾಗಿ ಅದೇ ಬಟ್ಟಲಿನ ಸುತ್ತ ನಿಂತಿರುತ್ತಿದ್ದವು. ಗಿಡ್ಡ ಹೇಟೆಗಳು ಬರುತ್ತಿದ್ದವು, ಒಂದು ಕುಕ್ಕು ಬೀಳುತ್ತಿತ್ತು, ಹಿಂದೆ ಸರಿಯುತ್ತಿದ್ದವು. ಮತ್ತೊಂದು ಕಡೆಯಿಂದ ಬರುತ್ತಿದ್ದವು, ಮತ್ತೊಂದು ಕುಕ್ಕು. ಇದನ್ನು ನಾನು ಜಗಲಿಯ ಮೇಲೆ ಪತ್ರಿಕೆ ಓದುತ್ತ ನಾಲ್ಕೈದು ದಿನ ನೋಡಿದ್ದೇನೆ. ಕಲಿತುಕೊಳ್ಳುತ್ತವೆ ಎಂದುಕೊಂಡೆ.

ಒಂದು ಮಧ್ಯಾಹ್ನ ಮೊಮ್ಮಗಳು ಕೂಗಿದಳು. ಎರಡರಲ್ಲಿ ಸಣ್ಣದಾದ ಹೇಟೆ ದಾಸವಾಳದ ಗಿಡದ ಬುಡದಲ್ಲಿ ರೆಕ್ಕೆ ಇಳಿಬಿಟ್ಟು ಕುಳಿತಿತ್ತು. ಜುಟ್ಟಿನ ಕೆಂಪು ಮಾಸಿತ್ತು. ಎತ್ತಿಕೊಂಡು ಕೊಕ್ಕಿಗೆ ನೀರಿನ ಹನಿ ಬಿಟ್ಟೆವು. ಒಂದೆರಡು ಹನಿ ನುಂಗಿತು. ಸಂಜೆಯೊಳಗೆ ಸತ್ತುಹೋಯಿತು. ಬೇರೆ ರೋಗದ ಲಕ್ಷಣ ಕಾಣುವುದಿಲ್ಲ, ಬಿಸಿಲು ಮತ್ತು ಬಾಯಾರಿಕೆಯೇ ಇರಬೇಕೆಂದು ಪಶುವೈದ್ಯರು ಹೇಳಿದರು.

ತೋಟದ ಅಂಚಿನಲ್ಲಿ ಗುಂಡಿ ತೆಗೆಯುವಾಗ ಮೊಮ್ಮಗಳು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ. “ಅಜ್ಜಯ್ಯ, ಬಟ್ಟಲಲ್ಲಿ ನೀರಿತ್ತಲ್ಲ?”

ನೀರಿತ್ತು. ಬಟ್ಟಲು ತುಂಬ ನೀರಿತ್ತು.

ಮರುದಿನ ಬೆಳಗ್ಗೆ ಅಡಿಕೆ ದಬ್ಬೆಗಳನ್ನು ಸೀಳಿ, ನಾಲ್ಕು ಅಂಗುಲಕ್ಕೊಂದರಂತೆ ನೆಟ್ಟು, ಹಲಸಿನ ಮರದ ನೆರಳಿನಲ್ಲಿ ಒಂದು ಪುಟ್ಟ ಬೇಲಿ ಮಾಡಿದೆ. ಒಳಗೆ ಎರಡನೆಯ ಬಟ್ಟಲು, ಜೊತೆಗೆ ಒಂದು ತೆಂಗಿನ ಚಿಪ್ಪಿನಲ್ಲಿ ನುಚ್ಚು. ಗಿಡ್ಡ ಕೋಳಿ ದಬ್ಬೆಯ ಸಂದಿಯಲ್ಲಿ ಸಲೀಸಾಗಿ ನುಸುಳುತ್ತದೆ. ಭೀಮನ ತಲೆ ಮಾತ್ರ ಒಳಕ್ಕೆ ಹೋಗುತ್ತದೆ, ಮೈ ಹೋಗುವುದಿಲ್ಲ. ಇದಕ್ಕೆ ಹಿಡಿದದ್ದು ಅರ್ಧ ಗಂಟೆ. ಖರ್ಚು ಏನೂ ಇಲ್ಲ. ಉಳಿದ ಹೇಟೆ ಅಂದು ಒಳಗೆ ಹೋಗಿ ಕುಡಿದ ರೀತಿಯನ್ನು ನೋಡುತ್ತ ಗುದ್ದಲಿ ಹಿಡಿದು ನಿಂತವನಿಗೆ, ಎಷ್ಟೋ ವರ್ಷಗಳಿಂದ ಮರೆತಿದ್ದೇನೆಂದುಕೊಂಡಿದ್ದ ಒಂದು ನೀರಿನ ಡಬ್ಬಿ ನೆನಪಾಯಿತು.

1989–90ನೆಯ ಸಾಲಿನಲ್ಲಿ ನಾನು ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಮುನ್ನೂರು ಮಕ್ಕಳಿಗೆ ಒಂದೇ ಕೈಪಂಪು, ಹತ್ತು ನಿಮಿಷದ ವಿರಾಮ. ಗಂಟೆ ಬಾರಿಸಿದೊಡನೆ ಹತ್ತನೆಯ ತರಗತಿಯ ಹುಡುಗರು ಪಂಪನ್ನು ಸುತ್ತುವರಿಯುತ್ತಿದ್ದರು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಮೊದಲು ನಿಲ್ಲುವವನು, ಶಾಲೆಗೇ ಅತ್ಯಂತ ಕುಳ್ಳ. ಒಂದು ದಿನ ತರಗತಿಯಲ್ಲಿ ಎದ್ದು ನಿಂತು, “ಸಾರ್, ನಂಗೆ ನೀರು ಸಿಗಲ್ಲ” ಎಂದ. ನಾನು, “ನುಗ್ಗೋದನ್ನ ಕಲಿಯೋ. ನಾಳೆ ಬಸ್ಸು ಹತ್ತೋದಕ್ಕೂ ನಾನೇ ಬರಬೇಕಾ?” ಎಂದೆ. ತರಗತಿ ನಕ್ಕಿತು. ಸಂಕೋಚ ಬಿಡುವಷ್ಟು ಬಲವಾದ ಮಾತು ಹೇಳಿದೆನೆಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಅವನು ಮತ್ತೆಂದೂ ಆ ದೂರು ಹೇಳಲಿಲ್ಲ.

ಮಾರ್ಚಿಯಲ್ಲಿ ಒಂದು ದಿನ ಕವಾಯತಿನ ಮಧ್ಯೆ ಅವನು ಮೈದಾನದಲ್ಲಿ ಬಿದ್ದ. ಜವಾನ ಕೊಟ್ಟ ನೀರನ್ನು ಒಂದೇ ಉಸಿರಿಗೆ ಮೂರು ಲೋಟ ಕುಡಿದ. ಮರುದಿನ ಅವನ ತಾಯಿ ಬಂದರು. ಕೂಲಿಗೆ ಹೋಗುವ ಹೆಂಗಸು, ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದರು. ನನ್ನನ್ನು ಬೈಯಲಿಲ್ಲ. “ಇವನಿಗೆ ದಾಹ ಜಾಸ್ತಿ ಸ್ವಾಮಿ, ಬೇಜಾರು ಮಾಡ್ಕೋಬೇಡಿ” ಎಂದು, ತಪ್ಪು ಮಗನದೇ ಎಂಬಂತೆ ಕ್ಷಮೆ ಕೇಳಿದರು. ಎಣ್ಣೆಯ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೊಳೆದು ನೀರು ತುಂಬಿ ತಂದಿದ್ದರು. ಅಂದಿನಿಂದ ಆ ಹುಡುಗ ಹತ್ತನೆಯ ತರಗತಿ ಮುಗಿಸುವವರೆಗೆ ಪುಸ್ತಕದ ಚೀಲದ ಜೊತೆಗೆ ಆ ಡಬ್ಬಿಯನ್ನೂ ಹೊತ್ತು ಮೂರು ಮೈಲಿ ನಡೆದು ಬಂದ. ನಾನು ಅದನ್ನು ದಿನವೂ ನೋಡಿದೆ. ಸಮಸ್ಯೆ ಪರಿಹಾರವಾಯಿತೆಂದುಕೊಂಡೆ.

ನನ್ನ ಕೈಯಲ್ಲಿ ಏನಿರಲಿಲ್ಲ? ಎಂಟನೆಯ ತರಗತಿಯನ್ನು ಐದು ನಿಮಿಷ ಮೊದಲು ಬಿಡಬಹುದಿತ್ತು. ತರಗತಿಯ ಮೂಲೆಯಲ್ಲಿ ಒಂದು ಮಡಕೆ ಇಡಿಸಬಹುದಿತ್ತು. ಅದೂ ಅರ್ಧ ಗಂಟೆಯ ಕೆಲಸ. ನಾನು ನಿವೃತ್ತನಾದ ಮರುವರ್ಷ, 2019ರಲ್ಲಿ, ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಬಂತು. ನಮ್ಮ ರಾಜ್ಯದ ಶಾಲೆಗಳಿಗೂ ಆ ‘ವಾಟರ್ ಬೆಲ್’ ಬಂತೆಂದು ಓದಿ, ಒಳ್ಳೆಯ ಯೋಜನೆ ಎಂದು ಮೆಚ್ಚಿದ್ದೆ. ಆಗಲೂ ಆ ಡಬ್ಬಿ ನೆನಪಾಗಿರಲಿಲ್ಲ. ಅದಕ್ಕೆ ಆರುನೂರು ಗ್ರಾಂ ತೂಕದ ಒಂದು ಕೋಳಿ ಸಾಯಬೇಕಾಯಿತು.

ಈಗ ಕೋಳಿಯ ವಿಷಯವನ್ನು ಪೂರ್ತಿ ಮಾಡುತ್ತೇನೆ; ಕೇಳಿದವಳಿಗೆ ಬೇಕಾಗಿದ್ದು ಅದು.

ಗಿಡ್ಡ ಕೋಳಿಗಳನ್ನು ದೊಡ್ಡವುಗಳ ಜೊತೆ ಧಾರಾಳವಾಗಿ ಸಾಕಬಹುದು. ಆದರೆ ಯಾವುದು ಇಬ್ಬರಿಗೂ ಸಮವಾಗಿರಬೇಕು, ಯಾವುದು ಅಳತೆಗೆ ತಕ್ಕಂತಿರಬೇಕು ಎಂಬ ವಿವೇಕವಿರಬೇಕು. ಕೊಕ್ಕರೆ ರೋಗದ ಲಸಿಕೆಯಲ್ಲಿ ಭೀಮನ ಮರಿಗೂ ವಾಮನನ ಮರಿಗೂ ಒಂದೇ ಪ್ರಮಾಣ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಬಿಡುವ ಆ ಹನಿಯನ್ನು, ಮರಿ ಚಿಕ್ಕದೆಂದು ಅರ್ಧ ಮಾಡುವಂತಿಲ್ಲ. ಜಂತುಹುಳುವಿನ ಔಷಧವಾದರೋ ತೂಕ ನೋಡಿಯೇ ಕೊಡಬೇಕು; ದೊಡ್ಡ ಕೋಳಿಯ ಪ್ರಮಾಣವನ್ನು ಗಿಡ್ಡ ಕೋಳಿಗೆ ಕೊಟ್ಟರೆ ಅಪಾಯ. ಆಹಾರ ಒಂದೇ ಆಗಬಹುದು, ಇಡುವ ಜಾಗ ಎರಡಾದರೂ ಇರಬೇಕು, ಒಂದರಿಂದ ಇನ್ನೊಂದು ಕಾಣದಷ್ಟು ದೂರ. ಮೊಟ್ಟೆ ಇಡುವ ಕೋಳಿಗಳ ಆಹಾರದಲ್ಲಿ ಸುಣ್ಣದ ಅಂಶ ಹೆಚ್ಚು. ಅದನ್ನು ಸಣ್ಣ ಮರಿಗಳಿಗೆ ಹಾಕಬಾರದು, ಮೂತ್ರಪಿಂಡ ಕೆಡುತ್ತದೆ.

ದೊಡ್ಡ ಹುಂಜವನ್ನು ಗಿಡ್ಡ ಹೇಟೆಗಳ ಜೊತೆ ಸದಾ ಬಿಡಬಾರದು. ಮೂರೂವರೆ ಕಿಲೋದ ಹುಂಜ ಆರುನೂರು ಗ್ರಾಂನ ಹೇಟೆಯ ಬೆನ್ನು ಹತ್ತಿದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೈ ಸೀಳಿ ಗಾಯವಾಗುತ್ತದೆ. ನಾವು ಭೀಮನನ್ನು ಅವನ ಬಳಗದೊಡನೆ ಬೆಳಗಿನ ಹೊತ್ತು ತೋಟಕ್ಕೆ ಅಟ್ಟಿ, ವಾಮನನ ಸಂಸಾರಕ್ಕೆ ಅಂಗಳ ಬಿಡುತ್ತೇವೆ. ಹೊಸ ಕೋಳಿಗಳನ್ನು ತಂದಾಗ ಎರಡು ಮೂರು ವಾರ ಜಾಲರಿಯ ಆಚೆ ಬೇರೆಯಾಗಿಟ್ಟು, ರೋಗವಿಲ್ಲವೆಂದು ನೋಡಿ, ಎರಡೂ ಕಡೆಯವರಿಗೆ ಮುಖಪರಿಚಯವಾದ ಮೇಲೆ ಬಿಡಬೇಕು. ಗಿಡ್ಡ ಕೋಳಿಗಳು ಚೆನ್ನಾಗಿ ಹಾರುತ್ತವೆ, ರಾತ್ರಿ ಹಲಸಿನ ಮರವೇರಿ ಕೂರಲು ನೋಡುತ್ತವೆ. ಅಲ್ಲಿ ಕಾಡುಬೆಕ್ಕಿನ ಭಯ. ಗೂಡಿನಲ್ಲೇ ಎತ್ತರದ ಅಡ್ಡಗೋಲು ಕಟ್ಟಿಕೊಟ್ಟರೆ ಅಲ್ಲಿಗೆ ಒಗ್ಗಿಕೊಳ್ಳುತ್ತವೆ. ದೊಡ್ಡವಕ್ಕೆ ತಗ್ಗಿನ ಗೋಲು ಒಳ್ಳೆಯದು. ಭಾರದ ಮೈ ಎತ್ತರದಿಂದ ಧುಮುಕಿದರೆ ಪಾದಕ್ಕೆ ಪೆಟ್ಟು.

ಇಷ್ಟೆಲ್ಲ ಉಪಚಾರ ಮಾಡಿದರೆ ಗಿಡ್ಡ ಕೋಳಿಯಿಂದ ಬರುವುದೇನು ಎಂದು ಕೇಳುವವರಿದ್ದಾರೆ. ಅದರ ಮೊಟ್ಟೆ ಮೂವತ್ತು ಗ್ರಾಂ; ದೊಡ್ಡ ಕೋಳಿಯ ಮೊಟ್ಟೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಒಂದು ವಿದ್ಯೆಯಲ್ಲಿ ಅದನ್ನು ಮೀರಿಸುವವರಿಲ್ಲ. ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ಗಿರಿರಾಜದಂಥ ಕೋಳಿಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ನಮ್ಮ ಉಳಿದ ಗಿಡ್ಡ ಹೇಟೆ ಆ ವರ್ಷ ಮುಂಗಾರಿನ ಹೊತ್ತಿಗೆ ಬುಟ್ಟಿಯಲ್ಲಿ ಕುಳಿತು, ಕೈ ಒಡ್ಡಿದರೆ ಗರಿ ಕೆದರಿ ಗೊರಗುಡತೊಡಗಿತು. ಅದರ ಕೆಳಗೆ ಐದು ಗಿರಿರಾಜ ಮೊಟ್ಟೆ ಇಟ್ಟೆವು. ಅದಕ್ಕಿಂತ ಹೆಚ್ಚು ಅದರ ಮೈಯಡಿ ಹಿಡಿಯುವುದಿಲ್ಲ. ತಾಯಿತಂದೆಯ ಗುಣವೆಲ್ಲ ಮುಂದಿನ ಪೀಳಿಗೆಗೆ ಇಳಿಯುವುದಿಲ್ಲವೆಂದು ವೈದ್ಯರು ಎಚ್ಚರಿಸಿದ್ದರು. ಮನೆಯ ಮಟ್ಟಿಗೆ ಸಾಕೆಂದೆವು. ಏಳನೆಯ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ಒಳಗಿನ ರಕ್ತನಾಳಗಳ ಬಲೆಯನ್ನು ಮೊಮ್ಮಗಳಿಗೆ ತೋರಿಸಿದೆ. ಒಂದರಲ್ಲಿ ಏನೂ ಇರಲಿಲ್ಲ, ತೆಗೆದೆವು. ಇಪ್ಪತ್ತೊಂದನೆಯ ದಿನ ನಾಲ್ಕೂ ಒಡೆದವು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಮರಿಗಳು ತಾಯಿಯ ಎತ್ತರಕ್ಕೆ ಸಮೀಪಿಸಿದವು. ಆಷಾಢದ ಮಳೆಯಲ್ಲಿ ಅವು ಅವಳ ರೆಕ್ಕೆಯಡಿ ನುಗ್ಗುತ್ತಿದ್ದವು. ನಾಲ್ಕರ ತಲೆ ಮಾತ್ರ ಒಳಗೆ, ಮೈಯೆಲ್ಲ ಹೊರಗೆ. ಅವಳು ನೆಲದಿಂದ ಮೇಲೆತ್ತಿಹೋದವಳಂತೆ ರೆಕ್ಕೆ ಅಗಲಿಸಿ ಅಲುಗದೆ ನಿಂತಿರುತ್ತಿದ್ದಳು. ಈಗ ಆ ಮರಿಗಳು ಅವಳ ಮೂರು ಪಟ್ಟಾಗಿವೆ. ಆದರೂ ಅವಳು ಬಂದು ಕುಕ್ಕಿದರೆ ಬಟ್ಟಲು ಬಿಟ್ಟು ಸರಿದು ನಿಲ್ಲುತ್ತವೆ. ಹಾಗೆಂದು ನಾನು ದಬ್ಬೆಯ ಬೇಲಿಯನ್ನು ಕಿತ್ತಿಲ್ಲ.

2023ರಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದ್ದರು. ಆ ಹುಡುಗನೂ ಬಂದಿದ್ದ. ಹುಡುಗನೆನ್ನುತ್ತೇನೆ, ಕೂದಲು ನರೆಯುವ ವಯಸ್ಸು. ಎತ್ತರವೂ ಈಗ ಎಲ್ಲರಂತೆಯೇ. ಕಾಲು ಮುಟ್ಟಿ ನಮಸ್ಕರಿಸಿ, ನಾನು ಹೇಳಿಕೊಟ್ಟ ಬೆಳಕಿನ ಪಾಠವನ್ನು ನೆನಪಿಸಿಕೊಂಡು ಸಂತೋಷದಿಂದ ಮಾತನಾಡಿದ. ಊಟದ ಎಲೆಯ ಮುಂದೆ ಎಲ್ಲರಿಗೂ ಲೋಟದಲ್ಲಿ ನೀರು ಬಡಿಸಿದ್ದರು. ಅವನು ಹೆಗಲ ಚೀಲದಿಂದ ತನ್ನ ಬಾಟಲಿ ತೆಗೆದು ಪಕ್ಕದಲ್ಲಿಟ್ಟುಕೊಂಡ. ಈಗ ಎಲ್ಲರ ಬಳಿಯೂ ಬಾಟಲಿ ಇರುತ್ತದೆ, ಅದರಿಂದ ಏನನ್ನೂ ತೀರ್ಮಾನಿಸಲಾಗದು. ಆದರೂ ನನಗೆ ತುತ್ತು ಇಳಿಯಲಿಲ್ಲ. ಹೇಳಬೇಕೆಂದಿದ್ದ ಮಾತು ಶಾಲು ಹೊದಿಸಿಕೊಳ್ಳುವ ಗದ್ದಲದಲ್ಲಿ ಗಂಟಲಲ್ಲೇ ಉಳಿಯಿತು.

ಆದ್ದರಿಂದ ಇಲ್ಲಿ ಹೇಳುತ್ತೇನೆ. ಹೆಸರು ಬರೆಯುವುದಿಲ್ಲ, ಓದಿದರೆ ನಿನಗೆ ತಿಳಿಯುತ್ತದೆ. ಅಂದು ನಿನ್ನ ದಾಹ ಹೆಚ್ಚಾಗಿರಲಿಲ್ಲ ಕಣಪ್ಪ. ನೀರು ನಿನಗೆ ಎಟಕುವಂತೆ ಇಡುವುದು ನನ್ನ ಕೆಲಸವಾಗಿತ್ತು, ನಾನು ಮಾಡಲಿಲ್ಲ. ನಿನ್ನ ತಾಯಿ ನನ್ನಲ್ಲಿ ಕೇಳಿದ ಕ್ಷಮೆಯನ್ನು ನಾನು ಅವರಲ್ಲಿ ಕೇಳಬೇಕಾಗಿತ್ತು.

ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಈಗ ಶಿಕ್ಷಕರಾಗಿದ್ದೀರಿ, ಕೆಲವರು ಮುಖ್ಯೋಪಾಧ್ಯಾಯರೂ ಆಗಿದ್ದೀರಿ. ನಿಮಗೆ ಬುದ್ಧಿ ಹೇಳುವ ಅರ್ಹತೆ ಈ ವಿಷಯದಲ್ಲಿ ನನಗಿಲ್ಲ. ಶಾಲೆಯಲ್ಲಿ ನೀರಿದೆಯೇ ಎಂದು ಯಾರಾದರೂ ಕೇಳಿದರೆ ‘ಇದೆ’ ಎನ್ನುವ ಮೊದಲು ವಿರಾಮದ ವೇಳೆಯಲ್ಲಿ ಒಮ್ಮೆ ನಲ್ಲಿಯ ಹತ್ತಿರ ಹೋಗಿ ನಿಂತು ನೋಡಿ, ಅಷ್ಟು ಸಾಕು.

ಕೋಳಿ ಕೇಳಿದವಳಿಗೆ ನಿನ್ನೆ ಮತ್ತೆ ಫೋನ್ ಮಾಡಿ, ಬಟ್ಟಲು ಎರಡು ತರಬೇಕೆಂದು ಹೇಳಿದ್ದೇನೆ.